ನಾಲ್ಕು ಕೋಣೆಗಳ ವಠಾರ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಪುಣೆಯ ನಮ್ಮ ಮನೆಯಲ್ಲಿರುವ ಕಂಪ್ಯೂಟರು 2014ರಲ್ಲಿ ನಾನೇ ಬಿಡಿಭಾಗ ಕೊಂಡು ಜೋಡಿಸಿದ್ದು. ವಿಂಡೋಸ್ 11ಕ್ಕೆ ಅದು ಅರ್ಹವಲ್ಲ ಎಂಬ ಸಂದೇಶ ಆಗಲೇ ಬಂದು ಹಳೆಯದಾಗಿತ್ತು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಅದರಲ್ಲಿರಲಿಲ್ಲ, ಪ್ರೊಸೆಸರು ಒಪ್ಪಿತ ಪಟ್ಟಿಯಲ್ಲಿರಲಿಲ್ಲ, ಅಷ್ಟೇ. ಕಾಲೇಜಿಗೆ ಹೋಗುವ ಮಗನ ಜೊತೆ ಕೂತು ಹೊಸ ಯಂತ್ರದ ಬಿಡಿಭಾಗಗಳ ಪಟ್ಟಿ ಮಾಡತೊಡಗಿದೆ. ಅವನಿಗೆ ಆಟಕ್ಕೂ ಕಾಲೇಜಿನ ಕೆಲವು ತಂತ್ರಾಂಶಗಳಿಗೂ ವಿಂಡೋಸ್ ಬೇಕು. ನನ್ನ ಕೆಲಸಕ್ಕೆ ಲಿನಕ್ಸ್ ಬೇಕು. ಇವೆರಡರ ಜೊತೆಗೆ ಹಳೆಯ ವಿಂಡೋಸ್ ಎಕ್ಸ್‌ಪಿಯೂ ಬೇಕು ಎಂದಾಗ ಅವನು ನನ್ನ ಮುಖ ನೋಡಿದ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಪಟ್ಟಿ ಬರೆಯುತ್ತಿದ್ದಾಗ ನನ್ನ ಮೊದಲ ಪಟ್ಟಿ ನೆನಪಾಯಿತು. 2002ರಲ್ಲಿ ಎಂಟೆಕ್ ಮಾಡಲು ಮುಂಬೈಗೆ ಬಂದವನು ಮೊದಲ ವರ್ಷದ ಸ್ಟೈಪೆಂಡ್ ಉಳಿಸಿ, ಅಪ್ಪ ಕಳಿಸಿದ ಹಣವನ್ನೂ ಸೇರಿಸಿಕೊಂಡು ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದಿದ್ದೆ. ಹೋಗಬೇಕಾಗಿದ್ದದ್ದು ಲ್ಯಾಮಿಂಗ್ಟನ್ ರೋಡಿಗೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೊಂಬಾಯಿಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್‌ನ ಹೆಸರಿನ ಈ ರಸ್ತೆಗೆ ಈಗ ಡಾ. ದಾದಾಸಾಹೇಬ ಭಡಕಮಕರ್ ಮಾರ್ಗ ಎಂಬ ಹೆಸರಿದೆ. ಆ ಹೆಸರು ಹೇಳಿದರೆ ಟ್ಯಾಕ್ಸಿಯವರಿಗೂ ತಿಳಿಯುವುದಿಲ್ಲ. ರೇಡಿಯೋ ಬಿಡಿಭಾಗ ಮಾರುತ್ತಿದ್ದ ಅಂಗಡಿಗಳ ಸಾಲಿನಲ್ಲೇ ಕಂಪ್ಯೂಟರ್ ಅಂಗಡಿಗಳೂ ಬೆಳೆದಿದ್ದವು. ಕೌಂಟರಿನ ಹುಡುಗ ಒಂದು ಚೀಟಿಯಲ್ಲಿ ಪ್ರೊಸೆಸರು, ಮದರ್‌ಬೋರ್ಡು, ರ‍್ಯಾಮು, ಹಾರ್ಡ್ ಡಿಸ್ಕು ಎಂದು ಸಾಲಾಗಿ ಬರೆದು, ಬಲಗಡೆ ದರ ಹಾಕಿ, ಕೆಳಗೆ ಗೆರೆ ಎಳೆದು ಕೂಡಿಸುತ್ತಿದ್ದ. ಆ ಚೀಟಿ ಹಿಡಿದುಕೊಂಡು ನಾವು ಪಕ್ಕದ ಅಂಗಡಿಗೆ ಹೋಗುತ್ತಿದ್ದೆವು.

ಈ ಪತ್ರಿಕೆ ಓದುವ ಬಹುತೇಕರಿಗೆ ಇಂಥದೊಂದು ರಸ್ತೆ ಗೊತ್ತಿರುತ್ತದೆ. ದೆಹಲಿಯವರಿಗೆ ನೆಹರೂ ಪ್ಲೇಸ್, ಚೆನ್ನೈಯವರಿಗೆ ರಿಚ್ಚಿ ಸ್ಟ್ರೀಟ್, ಸಿಕಂದರಾಬಾದಿನವರಿಗೆ ಚೆನಾಯ್ ಟ್ರೇಡ್ ಸೆಂಟರ್, ಊರಿಗೆ ಹೋದರೆ ಬೆಂಗಳೂರಿನ ಎಸ್.ಪಿ. ರೋಡು, ಅಂದರೆ ಸಾದರ ಪತ್ರಪ್ಪ ರಸ್ತೆ. ಈ ರಸ್ತೆಗಳು ತಾವಾಗಿ ಹುಟ್ಟಿದ್ದಲ್ಲ. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋಗಿತ್ತು. ಪರವಾನಗಿ ಮತ್ತು ಸುಂಕಗಳ ನಡುವೆ ಕಂಪ್ಯೂಟರು ಸಂಸ್ಥೆಗಳ ಸೊತ್ತಾಗಿತ್ತೇ ಹೊರತು ಮನೆಯ ವಸ್ತುವಾಗಿರಲಿಲ್ಲ. 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಕಂಪ್ಯೂಟರು ಮತ್ತು ಬಿಡಿಭಾಗಗಳ ಆಮದನ್ನು ಸಡಿಲಿಸಿತು. 1991ರ ಉದಾರೀಕರಣ ಇನ್ನಷ್ಟು ಸಡಿಲಿಸಿತು. 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಭಾರತ, ಅದರ ವ್ಯಾಪ್ತಿಯ ಸರಕುಗಳ ಸುಂಕವನ್ನು 2005ರ ಹೊತ್ತಿಗೆ ಸೊನ್ನೆಗೆ ಇಳಿಸಲು ಒಪ್ಪಿತು. ನನ್ನ ಚೀಟಿಯ ಬಲಗಡೆಯ ಅಂಕಿಗಳು ಒಬ್ಬ ವಿದ್ಯಾರ್ಥಿಯ ಕೈಗೆ ಎಟುಕಿದ್ದರ ಹಿಂದೆ ಇದೆಲ್ಲ ಇತ್ತು.

ಆದರೆ ಒಂದು ಕಂಪನಿಯ ಪ್ರೊಸೆಸರು, ಇನ್ನೊಂದರ ಬೋರ್ಡು, ಮೂರನೆಯದರ ಡಿಸ್ಕು ತಂದು ಜೋಡಿಸಿದರೆ ಯಂತ್ರ ಯಾಕೆ ನಡೆಯಬೇಕು? ಅದರ ಮೇಲೆ ನಮಗೆ ಬೇಕಾದ ಆಪರೇಟಿಂಗ್ ಸಿಸ್ಟಂಗಳನ್ನು ಅಕ್ಕಪಕ್ಕದಲ್ಲಿ ಕೂರಿಸಲು ಯಾಕೆ ಬರಬೇಕು? ಟಿವಿ, ಫ್ರಿಜ್ಜು, ಮೊಬೈಲ್ ಯಾವುದರಲ್ಲೂ ಇದು ಸಲೀಸಲ್ಲ. ಇದಕ್ಕೆ ಉತ್ತರ ಹುಡುಕಿದರೆ ಅಮೆರಿಕದ ಫ್ಲಾರಿಡಾದ ಬೋಕಾ ರೇಟನ್ ಎಂಬ ಊರಿಗೆ ಹೋಗಬೇಕಾಗುತ್ತದೆ.

ಅಲ್ಲಿ ಡಾನ್ ಎಸ್ಟ್ರಿಜ್ ನೇತೃತ್ವದ ಐಬಿಎಂ ತಂಡಕ್ಕೆ ಪರ್ಸನಲ್ ಕಂಪ್ಯೂಟರ್ ಮಾಡಲು ಸಿಕ್ಕ ಕಾಲಾವಕಾಶ ಸುಮಾರು ಒಂದು ವರ್ಷ. ಎಲ್ಲವನ್ನೂ ತಾನೇ ತಯಾರಿಸುವುದು ಐಬಿಎಂನ ಸಂಪ್ರದಾಯವಾಗಿತ್ತು. ಅದಕ್ಕೆ ಸಮಯವಿಲ್ಲದ ಕಾರಣ ತಂಡ ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗಗಳನ್ನೇ ಆರಿಸಿತು. ಪ್ರೊಸೆಸರು ಇಂಟೆಲ್‌ನ 8088. ಆಪರೇಟಿಂಗ್ ಸಿಸ್ಟಂ ಕೂಡ ಹೊರಗಿನದೇ. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಇದನ್ನು ಓದುವಾಗ ನನಗೆ ನಗು ಬರುತ್ತದೆ. ಡೆಡ್‌ಲೈನಿನ ಒತ್ತಡದಲ್ಲಿ ತೆಗೆದುಕೊಂಡ ನಿರ್ಧಾರಗಳು ಸಾಮಾನ್ಯವಾಗಿ ಮುಂದೆ ತಲೆನೋವಾಗುತ್ತವೆ. ಇಲ್ಲಿ ಅದು ಐಬಿಎಂಗೆ ತಲೆನೋವಾಯಿತು, ಜಗತ್ತಿಗೆ ವರವಾಯಿತು.

1981ರ ಆಗಸ್ಟ್ 12ರಂದು ಐಬಿಎಂ 5150 ಘೋಷಣೆಯಾದಾಗ ಅದಕ್ಕೆ ಒಂದಲ್ಲ, ಮೂರು ಆಪರೇಟಿಂಗ್ ಸಿಸ್ಟಂಗಳ ಹೆಸರು ಹೇಳಲಾಗಿತ್ತು: ಮೈಕ್ರೋಸಾಫ್ಟ್ ಕೊಟ್ಟ ಪಿಸಿ ಡಾಸ್, ಗ್ಯಾರಿ ಕಿಲ್ಡಾಲ್ ಅವರ ಡಿಜಿಟಲ್ ರಿಸರ್ಚ್ ಕಂಪನಿಯ ಸಿಪಿ/ಎಂ-86, ಮತ್ತು ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪಿ-ಸಿಸ್ಟಂ. ಪಿಸಿ ಎಂಬುದು ಹುಟ್ಟುವಾಗಲೇ ಬಹುಭಾಷಿಕ. ಡಾಸ್‌ನ ಬೆಲೆ 40 ಡಾಲರ್, ತಡವಾಗಿ ಬಂದ ಸಿಪಿ/ಎಂ-86ರದ್ದು 240 ಡಾಲರ್. ಯಾವುದು ಉಳಿಯಿತು ಎಂದು ಹೇಳಬೇಕಾಗಿಲ್ಲ. ಡಾಸ್ ಅನ್ನು ಬೇರೆ ತಯಾರಕರಿಗೂ ಮಾರುವ ಹಕ್ಕನ್ನು ಮೈಕ್ರೋಸಾಫ್ಟ್ ತನ್ನಲ್ಲೇ ಇಟ್ಟುಕೊಂಡಿತ್ತು.

ಇನ್ನೊಂದು ಸಂಗತಿ ಇನ್ನೂ ಮುಖ್ಯವಾದದ್ದು. ಹೊರಗಿನವರೂ ಕಾರ್ಡುಗಳನ್ನು ಮಾಡಲಿ ಎಂದು ಐಬಿಎಂ ತನ್ನ ತಾಂತ್ರಿಕ ಕೈಪಿಡಿಯಲ್ಲಿ ಸರ್ಕ್ಯೂಟ್ ನಕ್ಷೆಗಳನ್ನೂ, ಯಂತ್ರವನ್ನು ಎಬ್ಬಿಸುವ ಬಯಾಸ್ ಎಂಬ ತಂತ್ರಾಂಶದ ಪೂರ್ತಿ ಕೋಡನ್ನೂ ಅಚ್ಚುಹಾಕಿತ್ತು. ಓದಬಹುದಿತ್ತು, ನಕಲು ಮಾಡುವಂತಿರಲಿಲ್ಲ, ಕಾಪಿರೈಟ್ ಇತ್ತು. ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ದಾರಿ ನಮ್ಮ ಹಳ್ಳಿಯ ಮಡಿಯಂಥದು. ಒಂದು ತಂಡ ಬಯಾಸ್ ಏನೇನು ಮಾಡುತ್ತದೆ ಎಂದು ಓದಿ ವಿವರಣೆ ಬರೆಯುತ್ತದೆ. ಮೂಲ ಕೋಡನ್ನು ಕಣ್ಣಿಂದಲೂ ನೋಡಿರದ ಇನ್ನೊಂದು ತಂಡ ಆ ವಿವರಣೆಯಿಂದಲೇ ಹೊಸ ಕೋಡು ಬರೆಯುತ್ತದೆ. ಕಾಂಪ್ಯಾಕ್ ಕಂಪನಿ ಹೀಗೆ ಮಾಡಿದ ಯಂತ್ರವನ್ನು 1982ರ ನವೆಂಬರಿನಲ್ಲಿ ಘೋಷಿಸಿತು. 1984ರಲ್ಲಿ ಫೀನಿಕ್ಸ್ ಕಂಪನಿ ಇಂಥ ಬಯಾಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಅಲ್ಲಿಂದಾಚೆ ತೈವಾನಿನ ಬೋರ್ಡು ತಯಾರಕರಿಗೂ, ಲ್ಯಾಮಿಂಗ್ಟನ್ ರೋಡಿನ ಚೀಟಿಗೂ ದಾರಿ ತೆರೆಯಿತು.

ಇನ್ನು ಬಹು ಆಪರೇಟಿಂಗ್ ಸಿಸ್ಟಂಗಳ ಮಾತು. 1983ರ ಮಾರ್ಚಿನಲ್ಲಿ ಐಬಿಎಂ ತನ್ನ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿಯ ಹಾರ್ಡ್ ಡಿಸ್ಕ್ ಕೊಟ್ಟಿತು. ಇಂದಿನ ಮೊಬೈಲಿನ ಎರಡು ಮೂರು ಫೋಟೋ ಹಿಡಿಸುವಷ್ಟು ಜಾಗ. ಅಷ್ಟರಲ್ಲೂ ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳು ಹಂಚಿಕೊಂಡು ಇರಲಿ ಎಂದು ಡಿಸ್ಕಿನ ಮೊಟ್ಟಮೊದಲ 512 ಬೈಟುಗಳಲ್ಲಿ ಒಂದು ವ್ಯವಸ್ಥೆ ಮಾಡಲಾಯಿತು. ಮೊದಲ 446 ಬೈಟು ಯಂತ್ರವನ್ನು ಮುಂದಕ್ಕೆ ಕಳಿಸುವ ಪುಟ್ಟ ಪ್ರೋಗ್ರಾಂಗೆ, ಕೊನೆಯ 2 ಬೈಟು ಗುರುತಿಗೆ. ನಡುವಿನ 64 ಬೈಟುಗಳಲ್ಲಿ ತಲಾ 16 ಬೈಟಿನ ನಾಲ್ಕು ಸಾಲು. ಒಂದೊಂದು ಸಾಲೂ ಡಿಸ್ಕಿನ ಒಂದೊಂದು ಭಾಗ, ಅಂದರೆ ಪಾರ್ಟಿಶನ್, ಎಲ್ಲಿ ಶುರುವಾಗುತ್ತದೆ, ಎಷ್ಟು ದೊಡ್ಡದು, ಯಾರದ್ದು ಎಂದು ಹೇಳುತ್ತದೆ.

ಇದನ್ನು ಮಗನಿಗೆ ವಿವರಿಸುವಾಗ ನಾನು ವಠಾರದ ಉದಾಹರಣೆ ಕೊಟ್ಟೆ. ಹೊರಬಾಗಿಲು ಒಂದೇ, ಒಳಗೆ ನಾಲ್ಕು ಕೋಣೆ, ಬಾಗಿಲ ಪಕ್ಕದಲ್ಲಿ ಬಾಡಿಗೆದಾರರ ಹೆಸರಿನ ಹಲಗೆ. ಯಾರ ಒಲೆ ಯಾರಿಗೋ, ಯಾರ ದೇವರು ಯಾರಿಗೋ, ಆದರೆ ಅಂಗಳ ಒಂದೇ. ಮೂವತ್ತು ವರ್ಷದ ಮೇಲೂ ಜಗತ್ತಿನ ಕೋಟ್ಯಂತರ ಯಂತ್ರಗಳು ಆ ನಾಲ್ಕು ಸಾಲಿನ ಹಲಗೆಯನ್ನೇ ಓದಿ ಏಳುತ್ತಿದ್ದವು.

ಐಬಿಎಂಗೆ ತನ್ನ ಕೈಯಿಂದ ಏನು ಜಾರಿತು ಎಂಬುದು ಅರಿವಾಗದೆ ಇರಲಿಲ್ಲ. 1987ರಲ್ಲಿ ಪಿಎಸ್/2 ಎಂಬ ಹೊಸ ಸಾಲಿನ ಯಂತ್ರಗಳನ್ನು ತಂದಿತು. ಅದರಲ್ಲಿ ಕಾರ್ಡುಗಳನ್ನು ಸಿಕ್ಕಿಸುವ ಮೈಕ್ರೋ ಚಾನೆಲ್ ಎಂಬ ವ್ಯವಸ್ಥೆ ಹಳೆಯದಕ್ಕಿಂತ ಉತ್ತಮವಾಗಿತ್ತು, ಆದರೆ ಬಳಸಬೇಕಾದರೆ ಐಬಿಎಂಗೆ ಹಣ ಕೊಡಬೇಕಿತ್ತು. ಮರುವರ್ಷವೇ ಕಾಂಪ್ಯಾಕ್ ಮುಂದಾಳತ್ವದಲ್ಲಿ ಒಂಬತ್ತು ಕಂಪನಿಗಳು ಸೇರಿ, ಹಳೆಯ ಕಾರ್ಡುಗಳೂ ನಡೆಯುವಂಥ ತಮ್ಮದೇ ಮಾನದಂಡವನ್ನು ಪ್ರಕಟಿಸಿದವು. ಮೈಕ್ರೋ ಚಾನೆಲ್ ಮೂಲೆಗುಂಪಾಯಿತು. ಮುಂದೆ ಇಂಟೆಲ್ ತಂದ ಪಿಸಿಐ ಮತ್ತು 1995ರ ಎಟಿಎಕ್ಸ್ ಮಾನದಂಡಗಳು ಯಾವ ಕಂಪನಿಯ ಬೋರ್ಡನ್ನಾದರೂ ಯಾವ ಕಂಪನಿಯ ಪೆಟ್ಟಿಗೆಯಲ್ಲಾದರೂ ಕೂರಿಸುವಂತೆ ಮಾಡಿದವು.

ಇಂಥದೊಂದು ಹಂಚಿಕೊಂಡ ಮನೆಯಲ್ಲೇ ಲಿನಕ್ಸ್ ಹುಟ್ಟಿತು. 1991ರ ಆರಂಭದಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಕಂತಿನ ಮೇಲೆ ಒಂದು 386 ಪಿಸಿ ಕೊಂಡರು. ಅದರಲ್ಲಿ ಮಿನಿಕ್ಸ್ ಎಂಬ ಪಾಠಕ್ಕಾಗಿ ಬರೆದ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡು, ಅದರ ಪಕ್ಕದಲ್ಲಿ ತಮ್ಮದನ್ನು ಬರೆಯತೊಡಗಿದರು. ಆಗಸ್ಟ್ 25ರಂದು ಅದನ್ನು ಪ್ರಕಟಿಸುವಾಗ, ತನ್ನ ಬಳಿ ಇರುವ ಬಗೆಯ ಹಾರ್ಡ್ ಡಿಸ್ಕಿನ ಹೊರತು ಬೇರೆಯವುಗಳಲ್ಲಿ ಇದು ಬಹುಶಃ ನಡೆಯಲಾರದು ಎಂದು ಹೇಳಿಕೊಂಡಿದ್ದರು. ಒಂದು ದಿನ ಮೋಡೆಮ್‌ಗೆ ಕಳಿಸಬೇಕಾದ ಸಂಕೇತಗಳನ್ನು ಕೈತಪ್ಪಿ ಹಾರ್ಡ್ ಡಿಸ್ಕಿಗೆ ಬರೆದು ತಮ್ಮ ಮಿನಿಕ್ಸ್ ಪಾರ್ಟಿಶನ್ ಕಳೆದುಕೊಂಡರು. ಮತ್ತೆ ಮಿನಿಕ್ಸ್ ಹಾಕುವ ಬದಲು ಲಿನಕ್ಸನ್ನೇ ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡಿದರು. ಪಕ್ಕದ ಕೋಣೆಯ ಆಸರೆ ಇಲ್ಲದಿದ್ದರೆ ಅದನ್ನು ಶುರು ಮಾಡಲಾಗುತ್ತಿರಲಿಲ್ಲ, ಆ ಕೋಣೆ ಕುಸಿಯದಿದ್ದರೆ ಅಷ್ಟು ಬೇಗ ಮುಗಿಯುತ್ತಲೂ ಇರಲಿಲ್ಲವೇನೋ.

ಈಗ ನನ್ನ 2002ರ ಚೀಟಿಗೆ ಬರುತ್ತೇನೆ. ಅಥ್ಲಾನ್ ಎಕ್ಸ್‌ಪಿ ಪ್ರೊಸೆಸರು, 128 ಎಂಬಿ ರ‍್ಯಾಮ್, 40 ಜಿಬಿ ಡಿಸ್ಕ್, 15 ಇಂಚಿನ ದಪ್ಪ ಮಾನಿಟರು. ಪಿಸಿ ಕ್ವೆಸ್ಟ್‌ನಂಥ ಪತ್ರಿಕೆಗಳ ಜೊತೆ ಬರುತ್ತಿದ್ದ ಲಿನಕ್ಸ್ ಸಿಡಿಗಳೇ ಆಗ ನಮ್ಮ ತಲೆಮಾರಿನವರಿಗೆ ದೀಕ್ಷೆ. ಅಷ್ಟು ದೊಡ್ಡ ಫೈಲನ್ನು ಡಯಲಪ್‌ನಲ್ಲಿ ಇಳಿಸುವ ಮಾತೇ ಇರಲಿಲ್ಲ. ಡಯಲಪ್ ಎಂದರೆ ಮೋಡೆಮ್ ಬೇಕು. ಯಂತ್ರದೊಳಗೆ ಕೂರುವ ಅಗ್ಗದ ಕಾರ್ಡನ್ನು ತೋರಿಸಿ ಅಂಗಡಿಯವನು ಎಲ್ಲದರಲ್ಲೂ ನಡೆಯುತ್ತದೆ ಎಂದ. ನಡೆದದ್ದು ವಿಂಡೋಸಿನಲ್ಲಿ ಮಾತ್ರ. ಅದು ವಿನ್‌ಮೋಡೆಮ್. ಮೋಡೆಮ್ ಮಾಡಬೇಕಾದ ಲೆಕ್ಕವನ್ನೆಲ್ಲ ಪ್ರೊಸೆಸರಿನ ತಲೆಗೆ ಕಟ್ಟಿ, ಆ ಕೆಲಸಕ್ಕೆ ಬೇಕಾದ ತಂತ್ರಾಂಶವನ್ನು ವಿಂಡೋಸಿಗೆ ಮಾತ್ರ ಕೊಡುತ್ತಿದ್ದ ಕಾರ್ಡು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ, ಅವನಿಗೆ ಗೊತ್ತಿದ್ದ "ಎಲ್ಲ" ಎಂದರೆ ವಿಂಡೋಸ್ 98, 2000, ಎಕ್ಸ್‌ಪಿ. ಮತ್ತೆ ಹಣ ಹೊಂದಿಸಿ ಸೀರಿಯಲ್ ಪೋರ್ಟಿಗೆ ಹಚ್ಚುವ ಹೊರಗಿನ ಮೋಡೆಮ್ ತಂದೆ. ಬಿಡಿಭಾಗ ಆರಿಸುವ ಮೊದಲ ಪಾಠ ಅಲ್ಲೇ ಸಿಕ್ಕಿತು: ಭಾಗ ಎಷ್ಟು ವೇಗದ್ದು ಎಂದು ಕೇಳುವ ಮೊದಲು ಅದು ಯಾರ ಮಾತು ಕೇಳುತ್ತದೆ ಎಂದು ವಿಚಾರಿಸಬೇಕು.

ಎರಡನೆಯ ಪಾಠ ಡಿಸ್ಕಿನದು. ಅಂದಿನ ಲಿನಕ್ಸ್‌ನ ಬೂಟ್‌ಲೋಡರ್ ಹೆಸರು ಲಿಲೊ. ಏಳುವಾಗ ಅದು ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ತೆರೆಯ ಮೇಲೆ ಬರೆಯುತ್ತಿತ್ತು. ಎಷ್ಟನೆಯ ಅಕ್ಷರಕ್ಕೆ ನಿಂತಿತು ಎಂಬುದರಿಂದ ರೋಗ ಪತ್ತೆ ಮಾಡಬೇಕು. ಪತ್ರಿಕೆಯ ಹಳೆಯ ಸಿಡಿಯಿಂದ ಹಾಕಿದ ನನ್ನ ಲಿಲೊ ಎರಡನೆಯ ಅಕ್ಷರಕ್ಕೆ ನಿಂತುಬಿಟ್ಟಿತು. ಹಳೆಯ ಲಿಲೊಗೆ ಡಿಸ್ಕಿನ ಮೊದಲ 1024 ಸಿಲಿಂಡರುಗಳ ಆಚೆಗಿನದು ಕಾಣುತ್ತಿರಲಿಲ್ಲ, ನಾನು ಲಿನಕ್ಸನ್ನು ಕೂರಿಸಿದ್ದದ್ದು ವಿಂಡೋಸಿನ 20 ಜಿಬಿ ಆದಮೇಲೆ. ಡಿಸ್ಕಿನ ತಲೆಭಾಗದಲ್ಲೇ ಲಿನಕ್ಸಿಗೊಂದು ಪುಟ್ಟ ಪಾರ್ಟಿಶನ್ ಬಿಟ್ಟುಕೊಟ್ಟ ಮೇಲೆ ಅದು ಎದ್ದಿತು. ಮುಂದೆ ವಿಂಡೋಸನ್ನು ಮತ್ತೆ ಹಾಕಿದಾಗಲೆಲ್ಲ ಅದು ಹೊರಬಾಗಿಲಿನ ಹಳೆಯ ಪ್ರೋಗ್ರಾಂ ಅಳಿಸಿ ತನ್ನದನ್ನು ಬರೆದುಬಿಡುತ್ತಿತ್ತು, ಪಕ್ಕದಲ್ಲಿ ಇನ್ನೊಬ್ಬರಿದ್ದಾರೆಯೇ ಎಂದು ಕೇಳುತ್ತಿರಲಿಲ್ಲ. ಗಡಿಯಾರದ ಜಗಳ ಬೇರೆ. ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯವಿದೆ ಎಂದು ವಿಂಡೋಸ್ ತಿಳಿಯುತ್ತದೆ, ಗ್ರೀನ್‌ವಿಚ್ ಸಮಯ ಎಂದು ಲಿನಕ್ಸ್ ತಿಳಿಯುತ್ತದೆ. ಬೆಳಗ್ಗೆ ಹತ್ತಕ್ಕೆ ವಿಂಡೋಸ್ ಬಿಟ್ಟು ಲಿನಕ್ಸಿಗೆ ಬಂದರೆ ಮಧ್ಯಾಹ್ನ ಮೂರೂವರೆ ಆಗಿರುತ್ತಿತ್ತು.

ಇಷ್ಟೆಲ್ಲ ಜಗಳದ ನಡುವೆ ವಿಂಡೋಸನ್ನು ಯಾಕೆ ಇಟ್ಟುಕೊಂಡಿದ್ದೆ? ಕನ್ನಡಕ್ಕಾಗಿ. ಈಗಿನವರಿಗೆ ವಿಚಿತ್ರ ಅನ್ನಿಸಬಹುದು. 1991ರ ಮೊದಲ ಯುನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಜಾಗ ಸಿಕ್ಕಿದ ಮಾತ್ರಕ್ಕೆ ಬರೆಯಲು ಬರುವುದಿಲ್ಲ. ಒತ್ತಕ್ಷರ, ಅರ್ಕಾವೊತ್ತುಗಳನ್ನು ಸರಿಯಾಗಿ ಕೂರಿಸುವ ಶಕ್ತಿ ಆಪರೇಟಿಂಗ್ ಸಿಸ್ಟಂಗೂ ಫಾಂಟಿಗೂ ಬರಬೇಕು. ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಫಾಂಟಿನೊಂದಿಗೆ ಬಂದಿತ್ತು. ನಾವೆಲ್ಲ ನಿಜವಾಗಿ ಬಳಸುತ್ತಿದ್ದದ್ದು ಶೇಷಾದ್ರಿ ವಾಸು ಅವರು 1998ರಲ್ಲಿ ಹೊರತಂದ ಬರಹ, ಮತ್ತು ಕನ್ನಡ ಗಣಕ ಪರಿಷತ್ತಿನ ನುಡಿ. ಎರಡೂ ವಿಂಡೋಸಿನವು. ಆಗಿನ ಲಿನಕ್ಸಿನಲ್ಲಿ ಕನ್ನಡದ ಒತ್ತುಗಳು ಪಕ್ಕದ ಅಕ್ಷರದ ಕೆಳಗೆ ಹೋಗಿ ಕೂರುತ್ತಿದ್ದವು. ಕೇದಗೆ, ಮಲ್ಲಿಗೆಗಳಂಥ ಮುಕ್ತ ಫಾಂಟುಗಳನ್ನು ಮಾಡಿದವರಿಗೂ, ರಾತ್ರಿ ಕೂತು ಅನುವಾದ ಮಾಡಿದ ಸ್ವಯಂಸೇವಕರಿಗೂ ನಾವು ಋಣಿಗಳು. ಆದರೆ ಅದೆಲ್ಲ ಒಂದು ಹದಕ್ಕೆ ಬರಲು ಕೆಲವು ವರ್ಷ ಹಿಡಿಯಿತು. ಹಾಗಾಗಿ ಓದು, ಕೋಡು, ಥೀಸಿಸ್ ಲಿನಕ್ಸಿನಲ್ಲಿ, ಕನ್ನಡ ವಿಂಡೋಸಿನಲ್ಲಿ. ಆ ಪಾರ್ಟಿಶನ್ನಿಗೆ ನಾನಿಟ್ಟಿದ್ದ ಹೆಸರೇ "ಕನ್ನಡ".

ಕೆಲಸ ಸಿಕ್ಕಿ ಪುಣೆಗೆ ಬಂದಾಗ ಆ ಯಂತ್ರವನ್ನು ಧಾರವಾಡಕ್ಕೆ ಕಳಿಸಿದೆ. ನಿವೃತ್ತ ಶಾಲಾ ಮಾಸ್ತರರಾಗಿದ್ದ ಅಪ್ಪ ಅರವತ್ತೆರಡನೆಯ ವಯಸ್ಸಿನಲ್ಲಿ ನುಡಿ ಕಲಿತು, ತಾವು ಕಲಿಸಿದ ಊರುಗಳ ಬಗ್ಗೆ ಬರೆಯತೊಡಗಿದರು. 2011ರಲ್ಲಿ ಅವರು ತೀರಿಕೊಂಡಾಗ ಆ ಪಾರ್ಟಿಶನ್ನಿನಲ್ಲಿ ಮುನ್ನೂರಕ್ಕೂ ಹೆಚ್ಚು ಪುಟಗಳಿದ್ದವು. ಅವನ್ನು ಹೊಸ ಯಂತ್ರದಲ್ಲಿ ತೆರೆದರೆ ಕಾಣುವುದು ಕನ್ನಡವಲ್ಲ, ತಲೆಬಾಲವಿಲ್ಲದ ರೋಮನ್ ಅಕ್ಷರಗಳು. ನುಡಿಯ ಹಳೆಯ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿತ್ತು. ಯುನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ, ನಾನೂ ಪರಿವರ್ತಿಸಿದೆ. ಕೋಷ್ಟಕಗಳು ಮುರಿದವು, ಕೆಲವು ಒತ್ತುಗಳು ಬದಲಾದವು, ಅಪ್ಪ ಬರೆದ ಊರಿನ ಹೆಸರುಗಳಲ್ಲಿ ಯಾವುದು ಅವರ ಕಾಗುಣಿತ, ಯಾವುದು ಯಂತ್ರದ ತಪ್ಪು ಎಂದು ಗೊತ್ತಾಗದಾಯಿತು. ತಾಳೆ ನೋಡಲು ಮೂಲ ಬೇಕು, ಮೂಲ ತೆರೆಯಲು ಎಕ್ಸ್‌ಪಿ ಬೇಕು. ಮಗ ನನ್ನ ಮುಖ ನೋಡಿದ್ದಕ್ಕೆ ಇದು ಉತ್ತರ.

ಈ ನಡುವೆ ವಠಾರದ ಬಾಗಿಲು ಬದಲಾಗುತ್ತ ಬಂದಿದೆ. 2001ರ ಎಕ್ಸ್‌ಪಿಯಿಂದಲೇ ವಿಂಡೋಸ್ ಯಂತ್ರದ ಬಿಡಿಭಾಗಗಳ ಗುರುತು ಹಿಡಿದಿಟ್ಟುಕೊಳ್ಳತೊಡಗಿತು. ಹೆಚ್ಚು ಭಾಗ ಬದಲಿಸಿದರೆ ಮತ್ತೆ ಅನುಮತಿ ಪಡೆಯಬೇಕಿತ್ತು. ಹಳೆಯ ಬಯಾಸಿನ ಜಾಗಕ್ಕೆ ಯುಇಎಫ್‌ಐ ಬಂತು, ನಾಲ್ಕು ಸಾಲಿನ ಹಲಗೆಯ ಜಾಗಕ್ಕೆ 128 ಸಾಲು ಹಿಡಿಸುವ ಜಿಪಿಟಿ ಬಂತು. ಕೋಣೆಗಳು ಹೆಚ್ಚಿದವು. ಆದರೆ 2012ರಲ್ಲಿ ವಿಂಡೋಸ್ 8ರ ಜೊತೆ ಸೆಕ್ಯೂರ್ ಬೂಟ್ ಎಂಬ ಕಾವಲುಗಾರನೂ ಬಂದ. ಒಪ್ಪಿತ ಸಹಿ ಇರುವ ಪ್ರೋಗ್ರಾಂ ಮಾತ್ರ ಯಂತ್ರವನ್ನು ಎಬ್ಬಿಸಬೇಕು ಎಂಬುದು ನಿಯಮ. ಕಾರಣ ಸುಳ್ಳಲ್ಲ, ಆಪರೇಟಿಂಗ್ ಸಿಸ್ಟಂ ಏಳುವ ಮೊದಲೇ ಒಳನುಗ್ಗುವ ವೈರಸ್‌ಗಳು ಇದ್ದೇ ಇವೆ. ಪ್ರಶ್ನೆ ಇರುವುದು ಬೀಗದ ಕೈ ಯಾರ ಹತ್ತಿರ ಎಂಬುದರಲ್ಲಿ. ಇಂಟೆಲ್ ಬಗೆಯ ಯಂತ್ರಗಳಲ್ಲಿ ಮಾಲೀಕ ಇದನ್ನು ಆರಿಸಲು ಸಾಧ್ಯವಿರಬೇಕು ಎಂದು ಅಂದು ಮೈಕ್ರೋಸಾಫ್ಟ್ ಷರತ್ತು ಹಾಕಿತ್ತು, ಎಆರ್‌ಎಂ ಚಿಪ್ಪಿನ ವಿಂಡೋಸ್ ಯಂತ್ರಗಳಲ್ಲಿ ಸಾಧ್ಯವಿರಕೂಡದು ಎಂದಿತ್ತು. ವಿಂಡೋಸ್ 10ರ ಕಾಲಕ್ಕೆ ಮೊದಲಿನ ಷರತ್ತು ಕಡ್ಡಾಯವಾಗಿ ಉಳಿಯಲಿಲ್ಲ. ಲಿನಕ್ಸ್‌ನವರು ಮೈಕ್ರೋಸಾಫ್ಟಿನ ಸಹಿ ಪಡೆದ ಒಂದು ಪುಟ್ಟ ಪ್ರೋಗ್ರಾಂ ಮೂಲಕ ಒಳಬರುವ ದಾರಿ ಮಾಡಿಕೊಂಡಿದ್ದಾರೆ. ಆಪಲ್ ಕಂಪನಿ 2006ರಲ್ಲಿ ಬೂಟ್ ಕ್ಯಾಂಪ್ ಮೂಲಕ ವಿಂಡೋಸಿಗೆ ಪಕ್ಕದ ಕೋಣೆ ಕೊಟ್ಟಿತ್ತು. 2020ರಲ್ಲಿ ತನ್ನದೇ ಚಿಪ್ಪಿಗೆ ಹೋದಾಗ ಹೊಸ ಯಂತ್ರಗಳಲ್ಲಿ ಆ ಕೋಣೆ ಇಲ್ಲವಾಯಿತು.

ಇದೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಈ ಸಲದ ಪಟ್ಟಿ ಮಾಡಿದೆವು. ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇರುವುದನ್ನು ಆರಿಸಿದೆವು. ಅದು ಲಿನಕ್ಸಿಗೆ, ಬೇರೆ ಕಾರ್ಡು ವಿಂಡೋಸಿನ ಆಟಕ್ಕೆ. ಒಂದು ಆಪರೇಟಿಂಗ್ ಸಿಸ್ಟಂ ಒಳಗೆ ಇನ್ನೊಂದನ್ನು ಓಡಿಸಿ, ಅದಕ್ಕೆ ಕಾರ್ಡನ್ನು ನೇರವಾಗಿ ಒಪ್ಪಿಸಲು ಬೇಕಾದ ಐಒಎಂಎಂಯು ಸೌಲಭ್ಯ ಪ್ರೊಸೆಸರಿನಲ್ಲೂ ಬೋರ್ಡಿನಲ್ಲೂ ಇದೆಯೇ ಎಂದು ಕೈಪಿಡಿ ತೆರೆದು ನೋಡಿದೆವು. ಹೆಚ್ಚು ಬೆಲೆ ಎಂದರೆ ಎಲ್ಲ ಇದೆ ಎಂದಲ್ಲ. 2011ರ ಕೋರ್ ಐ7 2600ರಲ್ಲಿ ಈ ಸೌಲಭ್ಯವಿತ್ತು, ಅದಕ್ಕಿಂತ ದುಬಾರಿಯಾದ 2600ಕೆಯಲ್ಲಿ ಇರಲಿಲ್ಲ. ಒಂದು ದೊಡ್ಡ ಎಸ್‌ಎಸ್‌ಡಿ ಬದಲು ಎರಡು ಚಿಕ್ಕವನ್ನು ತೆಗೆದುಕೊಂಡೆವು, ಒಬ್ಬರು ಇನ್ನೊಬ್ಬರ ಹಲಗೆ ಅಳಿಸದಿರಲಿ ಎಂದು. ವೈಫೈಗೆ ಲಿನಕ್ಸ್ ಕರ್ನೆಲಿನಲ್ಲೇ ಚಾಲಕ ಇರುವ ಚಿಪ್. ಸೆಕ್ಯೂರ್ ಬೂಟ್ ಆರಿಸಲು, ನಮ್ಮದೇ ಕೀಲಿ ಸೇರಿಸಲು ಬರುವ ಬೋರ್ಡು. ಟಿಪಿಎಂ 2.0 ಅದರಲ್ಲೇ ಇದೆ.

ಹಳೆಯ ಎಕ್ಸ್‌ಪಿ ಈಗ ಲಿನಕ್ಸಿನ ಒಳಗೆ, ನೆಟ್ ಸಂಪರ್ಕವಿಲ್ಲದ ಒಂದು ವರ್ಚುವಲ್ ಯಂತ್ರದಲ್ಲಿದೆ. ಎಡಗಡೆ ಅಪ್ಪನ ನುಡಿ ಕಡತ, ಬಲಗಡೆ ಯುನಿಕೋಡ್ ಪ್ರತಿ. ಭಾನುವಾರ ಬೆಳಗ್ಗೆ ನಾಲ್ಕೈದು ಪುಟ ತಾಳೆ ನೋಡುತ್ತೇವೆ. ನಾನು ಓದುತ್ತೇನೆ, ಪುಣೆಯಲ್ಲೇ ಬೆಳೆದು ಕನ್ನಡವನ್ನು ತಡೆತಡೆದು ಓದುವ ಮಗ ತಿದ್ದುತ್ತಾನೆ. ಎಪ್ಪತ್ತೊಂದನೆಯ ಪುಟದಲ್ಲಿದ್ದೇವೆ.